ಅರ್ಧ ಅಕ್ಕಿ, ಅರ್ಧ ತೆಂಗಿನಕಾಯಿ

ರಾಜಾಜಿನಗರ, ಬೆಂಗಳೂರು
ಆಷಾಢ ಶುದ್ಧ ಏಕಾದಶಿ, ಸೋಮವಾರ, 8-7-1957

ಚಿ॥ ಸೌ॥ ವಿಮಲಳಿಗೆ ನಿನ್ನ ಅತ್ತೆ ಮನಸಾರೆ ಮಾಡುವ ಆಶೀರ್ವಾದಗಳು.

ಇವತ್ತು ನಿರಾಹಾರ. ನಲ್ಲಿಯಲ್ಲಿ ಎಂಟು ಬಿಂದಿಗೆ ನೀರು ಹಿಡಿದು, ದೇವರ ಮನೆ ಸಾರಿಸಿ, ತುಳಸಿಗೆ ಸುತ್ತು ಬಂದು ಈಗ ಕೂತಿದ್ದೇನೆ. ಹೊಟ್ಟೆ ಖಾಲಿಯಾದರೂ ಸಂತೋಷಕ್ಕೆ ಅವಸರ ಅವಸರವಾಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ನಗಬೇಡ. ನಿನ್ನ ಕೆಮ್ಮು ಹೇಗಿದೆ? ನಿಮ್ಮ ತಾಯಿ ಮೆಣಸಿನ ಕಷಾಯ ಕೊಡುತ್ತಿದ್ದಾರೆಯೇ? ಆಷಾಢಕ್ಕೆ ಹೊಸ ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ಮಾಡಿದವರಿಗೆ ಮನೆ ಇಷ್ಟು ಬಿಕೋ ಎನ್ನುತ್ತದೆಂದು ಗೊತ್ತಿರಲಿಲ್ಲವೇನೋ.

ವಿಷಯ ಕೇಳು. ನಿನ್ನ ಟ್ರಂಕಿಗೆ ನುಸಿಗುಳಿಗೆ ಹಾಕಲು ಹೋದಾಗ ನಿನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆ ಸಿಕ್ಕಿತು. ಪಕ್ಕದಲ್ಲೇ ನೀನು ಬರೆದು ಬಂದ ಉತ್ತರಗಳೂ ಇದ್ದವು. ನಾಲ್ಕೇ ಅಂಕಕ್ಕೆ ಫೇಲಾದೆಯಲ್ಲ, "ಇನ್ನು ಅದರ ಸಹವಾಸ ಬೇಡ ಅತ್ತೆ" ಅಂದಿದ್ದೆ. ಆದರೆ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೀಯಲ್ಲೇ! ಬೇಡವಾದದ್ದನ್ನು ಯಾರಾದರೂ ಅಲ್ಲಿಡುತ್ತಾರೆಯೇ? ಎದುರುಮನೆಯ ರಿಟೈರಾದ ಮೇಷ್ಟ್ರು ಏಕಾಂತಯ್ಯನವರಿಗೆ ಕೊಂಡೊಯ್ದು ತೋರಿಸಿದೆ. "ಹುಡುಗಿಗೆ ಎಲ್ಲಾ ಬರುತ್ತೆ ಕಣಮ್ಮ. ಅರ್ಧ, ಮುಕ್ಕಾಲು, ಬಹುಪಾಲು ಅಂತ ಬಂದ ಕಡೆಯೆಲ್ಲಾ, 'ಆರ್' ಬೇಕಾದಲ್ಲೂ 'ಈಸ್' ಹಾಕಿ ಜಾರಿದಾಳೆ" ಅಂದರು. ಅರ್ಧ ಎನ್ನುವುದಕ್ಕೆ ಸ್ವಂತ ಅಧಿಕಾರವಿಲ್ಲವಂತೆ, ಯಾವುದರ ಅರ್ಧ ಎಂದು ನೋಡಬೇಕಂತೆ. ನಾನು ಥಟ್ಟನೆ, "ಅಂದ್ರೆ ಸೇರಲ್ಲಿ ಅಳೆಯೋ ಅಕ್ಕೀಲಿ ಅರ್ಧ ಆದ್ರೆ 'ಈಸ್', ಎಣಿಸೋ ಹತ್ತು ತೆಂಗಿನಕಾಯೀಲಿ ಅರ್ಧ ಆದ್ರೆ 'ಆರ್', ಅಲ್ವಾ ಮೇಷ್ಟ್ರೇ?" ಅಂದೆ. ಅವರು ತೊಡೆ ತಟ್ಟಿ, "ಮೂವತ್ತು ವರ್ಷ ಪಾಠ ಮಾಡ್ದೆ, ಈ ಅಕ್ಕಿ ಡಬ್ಬ ಹೊಳೀಲಿಲ್ವಲ್ಲಮ್ಮ!" ಅಂದುಬಿಟ್ಟರು. ನಮ್ಮ ಮಾತಿನಲ್ಲಿ ಹತ್ತು ಕಾಯಿಗೂ 'ಇದೆ' ಅನ್ನುತ್ತೇವಲ್ಲ, ನೀನು ಎಡವಿದ್ದು ಅದಕ್ಕೇ ಮಗಳೇ, ದಡ್ಡತನಕ್ಕಲ್ಲ. ಶ್ರಾವಣದಿಂದ ದಿನಾ ಸಂಜೆ ನಮ್ಮ ಜಗಲಿಗೇ ಬಂದು ಪಾಠ ಹೇಳುತ್ತಾರಂತೆ.

ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ. ರಾಮದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತೆ,
ಗಂಗಲಕ್ಷ್ಮಮ್ಮ

ಮರೆತೇ ಹೋಗಿತ್ತು: ಸೆಪ್ಟೆಂಬರ್ ಪರೀಕ್ಷೆಯ ಅರ್ಜಿ ಇದರ ಜೊತೆ ಇದೆ. ಶುಕ್ರವಾರವೇ ಕಡೇ ದಿನ. ಆಷಾಢ ಮುಗಿಯುವ ತನಕ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವಂತಿಲ್ಲ, ಆದರೆ ಕಾಗದಕ್ಕೆ ಆ ಅಡ್ಡಿ ಇಲ್ಲವಲ್ಲ. ನಿನ್ನ ಗಂಡನಿಗೆ ಇನ್ನೂ ಹೇಳಿಲ್ಲ, ಅವನನ್ನು ಒಪ್ಪಿಸುವುದು ನನಗಿರಲಿ. ಪೋಷಕರ ರುಜು ಎಂಬಲ್ಲಿ ನಾನೇ ಹಾಕಿ, ಸಂಬಂಧ ಎಂಬಲ್ಲಿ 'ಅತ್ತೆ' ಎಂದು ಬರೆದಿದ್ದೇನೆ. ಇನ್ನು ನಿನ್ನ ರುಜು ಒಂದೇ ಬಾಕಿ. ಈ ಕಾಗದ ತರುವ ಮಾಗಡಿ ಬಸ್ಸಿನ ಕಂಡಕ್ಟರ್ ಬೆಟ್ಟಯ್ಯನಿಗೆ, ನಾಳೆ ಸಂಜೆ ಬಸ್ಸು ಅಲ್ಲಿಂದ ಹೊರಡುವ ಮುಂಚೆ ಮತ್ತೆ ನಿಮ್ಮ ಮನೆಗೆ ಬಂದು ಉತ್ತರ ತರಲು ಹೇಳಿದ್ದೇನೆ. ಅವನ ಕೈಗೇ ಕೊಡು. ನಾನು ಇಲ್ಲಿ ಸ್ಟಾಪಿನಲ್ಲೇ ನಿಂತಿರುತ್ತೇನೆ.