ಎಮ್ಮೆಕರುವಿಗೆ ಹೆಸರು ಭಾರವಾದದ್ದು

ಕೋತಾಗೆಡೆ,
ಆಗಸ್ಟ್ 12, ಲೆಗಿ ವಾರದ ಸಂತೆಯ ಮರುದಿನ

ಪ್ರೀತಿಯ ಮಗಳು ನಸ್ತಿತಿಗೆ,

ಹೇಗಿದ್ದೀಯೆ ಮಗಳೇ? ಮಕಾಸ್ಸರಿನ ಸೆಕೆಗೆ ಎದ್ದಿದ್ದ ಬೆವರುಗುಳ್ಳೆ ಇಳಿಯಿತೇ? ಅಳಿಯಂದಿರು ಅಲ್ಲಿಯ ಮೀನು ತಿಂದು ದಪ್ಪಗಾಗಿದ್ದಾರೆಂದು ತಿಳಿದು ಸಂತೋಷವಾಯಿತು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಪ್ಪನಿಗೆ ಏನೂ ಆಗಿಲ್ಲ. ಆಗಿರುವುದೆಲ್ಲ ಅವರ ಕರುವಿಗೆ. ಫೋನಿನಲ್ಲಿ ಹೇಳೋಣವೆಂದರೆ ಆ ಮನುಷ್ಯ ಪಕ್ಕದಲ್ಲೇ ಕಿವಿಗೊಟ್ಟು ನಿಲ್ಲುತ್ತಾರೆ. ಅದಕ್ಕೇ ಈ ಕಾಗದ.

ಮಕ್ಕಳ ಮಾಸಪತ್ರಿಕೆಗೆ ಅವರು ಕಥೆ ಬರೆಯುವ, ನೀನು ಚಿತ್ರ ಬಿಡಿಸುವ ಎಮ್ಮೆಕರು ಜೊಯೊದಿನಿಂಗ್ರಾತ್ ಹೋದ ಕಂತಿನಲ್ಲಿ ಜ್ವರ ಬಂದು ಮಲಗಿತಲ್ಲ, ಅದರ ಕಾರಣ ನಿನಗೆ ಗೊತ್ತಿಲ್ಲ. ಸೋಲೋ ಊರಿನ ಯಾರೋ ಲೇಖಕ ತನ್ನ ಕಥೆಯ ಕೊಕ್ಕರೆಯನ್ನು ಕೊನೆಯ ಪುಟದಲ್ಲಿ ಸಾಯಿಸಿ ಬಹುಮಾನ ಹೊಡೆದನಂತೆ. ಅವತ್ತಿನಿಂದ ನಿಮ್ಮಪ್ಪನಿಗೆ ಊಟ ಸೇರಲಿಲ್ಲ. "ನಗಿಸೋನಿಗೆ ಬೆಲೆ ಇಲ್ಲ ಕಣೇ, ಅಳಿಸೋನೇ ದೊಡ್ಡೋನು" ಅಂದವರೇ ಕರುವನ್ನು ಹಾಸಿಗೆ ಹಿಡಿಸಿದರು. ಮುಂದಿನ ಕಂತಿನಲ್ಲಿ ಅದು ಸಾಯುತ್ತದೆ ಎಂದು ನನಗೆ ಮಾತ್ರ ಹೇಳಿದರು.

ಓಣಿಯ ಮಕ್ಕಳು ಬೆಳಿಗ್ಗೆ ಕದ ತೆಗೆಯುವುದಕ್ಕೇ ಕಾದಿದ್ದು "ತಾತಾ, ಜ್ವರ ಇಳೀತಾ?" ಎಂದು ಕೇಳತೊಡಗಿದವು. ನಿಮ್ಮಪ್ಪ ಡಾಕ್ಟರರ ಮುಖ ಮಾಡಿಕೊಂಡು "ಈಗಲೇ ಏನೂ ಹೇಳೋಕಾಗಲ್ಲ" ಅನ್ನುವರು. ಹೊಸ್ತಿಲಲ್ಲಿ ಯಾರೋ ಹಸಿಹುಲ್ಲು ಇಟ್ಟು ಹೋಗಿದ್ದರು. ಪಕ್ಕದ ಮನೆ ಕಾರ್ತಿ ಅಜ್ಜಿಯ ಮೊಮ್ಮಗಳು ಲಾಸ್ಮಿಯಂತೂ ಅನ್ನವನ್ನೇ ಬಿಟ್ಟಳು. ಆಗ ಅಜ್ಜಿ ಬಂದು, ಕಥೆಯನ್ನು ಪೂರ್ತಿ ಓದಿಸಿ ಕೇಳಿ, ಎಲೆಯಡಿಕೆ ಉಗುಳಿ ಹೇಳಿದಳು: "ಇದು ಕಾಯಿಲೆ ಅಲ್ಲ ಕಣೋ. ಅಂಗೈಯಗಲ ಕರುಗೆ ಅರಮನೆಯೋರ ಹೆಸರಿಟ್ಟಿದೀಯ, ಹೊರೋಕಾಗ್ತಿಲ್ಲ ಅದಕ್ಕೆ. ಹೆಸರು ಬದಲಾಯಿಸು." ನಿನಗೂ ಮೂರು ವರ್ಷವಿದ್ದಾಗ ಹಾಗೇ ಹೆಸರು ಬದಲಾಯಿಸಿದ್ದು, ಆಮೇಲೆ ನೀನು ಸೀನಿದ್ದೇ ಅಪರೂಪ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ, ಹುಟ್ಟೇ ಇಲ್ಲದ ಕರುವಿಗೆ ನಾಮಕರಣ ಮಾಡುವವರನ್ನು ನಿನ್ನೆ ಕಂಡೆ. ನಮ್ಮ ಜಗಲಿಯಲ್ಲೇ ಊಟ, ಕೆಂಪು ಗಂಜಿ, ಬಿಳಿ ಗಂಜಿ. ಮಸೀದಿಯಿಂದ ಪ್ರಾರ್ಥನೆ ಓದಲು ಬಂದ ಮುಜಿಯೊ ಮಾತ್ರ ತಕರಾರು ತೆಗೆದ, ಇಲ್ಲದ ಎಮ್ಮೆಗೆ ದುವಾ ಓದುವುದು ಹೇಗೆ ಎಂದು. "ಇಲ್ಲದ ಎಮ್ಮೆಗೆ ಜ್ವರ ಬರಬಹುದು, ದುವಾ ಆಗಬಾರದಾ?" ಎಂದು ಕಾರ್ತಿ ಅಜ್ಜಿ ಅಂದದ್ದಕ್ಕೆ ಟೋಪಿ ಸರಿಮಾಡಿಕೊಂಡು ಓದಿದ. ಕರುವಿಗೆ ಸ್ಲಾಮೆತ್, ಅಂದರೆ ಸುಖವಾಗಿರು, ಎಂದು ಹೆಸರಾಯಿತು. ನಿಮ್ಮಪ್ಪ ಬಾತಿಕ್ ಅಂಗಿ ತೊಟ್ಟು ಬಾಣಂತಿಯ ಗಂಡನ ಹಾಗೆ ಎಲ್ಲರ ಕೈ ಕುಲುಕಿದರು. ಲಾಸ್ಮಿ ಗಂಜಿ ಬಳಿದು ತಿಂದಳು. ಅವಳಿಗೆ ಇನ್ನೊಂದು ಸೌಟು ಬಡಿಸಿದೆ. ಮುಂದಿನ ಕಂತು ಬಂದ ದಿನ ಈ ಮಗುವಿಗೆ ಏನು ಹೇಳಲಿ? ನಿಮ್ಮಪ್ಪನನ್ನು ಕೇಳಿದರೆ, "ಗಂಜಿ ಲಂಚ ಕೊಟ್ಟು ಕಥೆ ಬದಲಾಯಿಸೋಕಾಗಲ್ಲ" ಅಂದರು. ಅದೂ ಎರಡು ಬಟ್ಟಲು ಗಂಜಿ ಕುಡಿದ ಮೇಲೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಸುಪ್ರಾಪ್ತಿ

ಮರೆತಿದ್ದೆ: ಚಿತ್ರ ಬಿಡಿಸಲೆಂದು ಅವರು ಈ ಕವರಿಗೆ ಹಾಕಿದ ಪುಟಗಳಲ್ಲಿ ಕೊನೆಯದು, ಕರು ಸಾಯುವ ಪುಟ, ಇಲ್ಲ. ನಾನೇ ಒಲೆಗೆ ಹಾಕಿದೆ. ನೀನು ಕರುವನ್ನು ಎದ್ದು ನಿಂತ ಹಾಗೆ, ಬಾಯಿ ತುಂಬ ಹುಲ್ಲು ಮೇಯುವ ಹಾಗೆ ಬಿಡಿಸಿ ಕಳಿಸು. ನಿನ್ನ ಚಿತ್ರವನ್ನು ಬೇಡವೆನ್ನುವ ಎದೆ ಅವರಿಗಿಲ್ಲ, ಅದಕ್ಕೆ ತಕ್ಕಂತೆ ಕಥೆಯನ್ನೇ ತಿದ್ದುತ್ತಾರೆ. ಬೈದರೆ ನಾನು ಬೈಸಿಕೊಳ್ಳುತ್ತೇನೆ ಎಂದುಕೊಂಡೇ ಕವರು ಅಂಟಿಸಲು ಕೂತಿದ್ದೆ. ಅಷ್ಟರಲ್ಲಿ ನಿಮ್ಮಪ್ಪ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು: "ಅಂಟು ಅಷ್ಟು ಗಟ್ಟಿಯಾಗಿ ಹಚ್ಚಬೇಡ ಕಣೇ. ಕೊನೇ ಪುಟ ದಾರೀಲಿ ಬಿದ್ದುಹೋದ್ರೆ ಹೋಗ್ಲಿ."