ವರನ ಗುಣವನ್ನು ವರನನ್ನೇ ಕೇಳುವ ಇಲಾಖೆಗೆ

ಮಾನ್ಯ ಹಿರಿಯ ಪೊಲೀಸ್ ಅಧಿಕಾರಿಗಳೇ,

ನನ್ನ ಅಕ್ಕನ ಮಗನನ್ನು ಠಾಣೆಯಲ್ಲಿ ಹೊಡೆಯುತ್ತಿದ್ದಾರೆ ಎಂದು ನಿಮಗೆ ದೂರು ಕೊಟ್ಟೆವು. ಆ ದೂರನ್ನು ನೀವು, ಹೊಡೆಯುತ್ತಿರುವ ಇನ್‌ಸ್ಪೆಕ್ಟರ್ ಸಾಹೇಬರಿಗೇ ‘ಪರಿಶೀಲಿಸಿ ವರದಿ ಸಲ್ಲಿಸಿ’ ಎಂದು ಕಳಿಸಿಕೊಟ್ಟಿರಿ. ಅವರು ಪರಿಶೀಲಿಸಿದರು. ತಾವು ಯಾರನ್ನೂ ಹೊಡೆದಿಲ್ಲವೆಂಬುದು ಅವರಿಗೆ ಖಚಿತವಾಯಿತು. ನೀವು ಕಡತ ಮುಚ್ಚಿದಿರಿ. ಇಷ್ಟು ಚುರುಕಾಗಿ ಕೆಲಸ ಮುಗಿಸುವ ಸರ್ಕಾರಿ ಕಚೇರಿಯನ್ನು ನಾನು ಕಂಡಿರಲಿಲ್ಲ.

ನಾನು ಮದುವೆ ಸಂಬಂಧ ಕುದುರಿಸುವ ಕಸುಬಿನವನು. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಅದೂ ಮೇಷ್ಟ್ರು ಬಂದ ದಿನಗಳಲ್ಲಿ ಮಾತ್ರ. ಆದರೆ ನಾನು ಕೂಡಿಸಿದ ಜೋಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಿಮ್ಮ ಪರೇಡ್ ಮೈದಾನ ಸಾಲದು. ನಿಮ್ಮ ಪೇದೆಗಳಲ್ಲೇ ಎಷ್ಟೋ ಮಂದಿ ನನ್ನಿಂದ ಸಂಸಾರಸ್ಥರಾದವರು; ಹಾಗಾಗಿಯೇ ಕೆಲವರು ನನ್ನನ್ನು ಕಂಡರೆ ನಗುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಇಷ್ಟು ವರ್ಷಗಳಲ್ಲಿ ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ನಾನು ಹುಡುಗನನ್ನೇ ಕೇಳಿದ್ದಿಲ್ಲ. ಪಕ್ಕದ ಮನೆಯವರನ್ನು ಕೇಳಿದ್ದೇನೆ, ಅವನ ಬಟ್ಟೆಗೆ ಇಸ್ತ್ರಿ ಹಾಕುವವನನ್ನು ಕೇಳಿದ್ದೇನೆ, ಜಗಳವಾಡಿ ಮನೆ ಖಾಲಿ ಮಾಡಿದ ಬಾಡಿಗೆದಾರನನ್ನು ಹುಡುಕಿಕೊಂಡು ಹೋಗಿ ಕೇಳಿದ್ದೇನೆ. ಹುಡುಗನನ್ನೇ ಕೇಳುವುದಾದರೆ ಈ ಲೋಕದಲ್ಲಿ ಕುಡಿಯುವವರೇ ಇಲ್ಲ. ನಿಮ್ಮ ಠಾಣೆಗಳಲ್ಲಿ ಹೊಡೆಯುವವರು ಒಬ್ಬರೂ ಇಲ್ಲದಿರುವುದೂ ಇದೇ ರೀತಿಯಲ್ಲೇ ತಾನೇ?

ಅಕ್ಕನ ಮಗ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಗೋದಾಮಿನಿಂದ ಬಟ್ಟೆಯ ಥಾನುಗಳು ಕಳುವಾದವು. ಬೀಗದ ಕೈ ಅವನ ಬಳಿಯೂ ಒಂದು ಇತ್ತು ಎಂಬ ಕಾರಣಕ್ಕೆ ಕರೆದೊಯ್ದರು. ನ್ಯಾಯಾಧೀಶರ ಮುಂದೆ ನಿಲ್ಲಿಸಿದಾಗ ಇನ್‌ಸ್ಪೆಕ್ಟರ್ ಸಾಹೇಬರು ಅವನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು, ಬೀಗರಂತೆ. ಹುಡುಗ ಬಾಯಿ ಬಿಡಲಿಲ್ಲ. ಇನ್ನಷ್ಟು ವಿಚಾರಣೆ ಬಾಕಿ ಇದೆ ಎಂದು ಮತ್ತೆ ಅದೇ ಠಾಣೆಗೆ ತಂದರು. ಅಂದಿನಿಂದ ಅವನನ್ನು ಮನೆಯವರು ಯಾರೂ ನೋಡಿಲ್ಲ. ನೋಡಿದ್ದು ಠಾಣೆಗೆ ಚಹಾ ಒಯ್ಯುತ್ತಿದ್ದ ಹೆಂಗಸು.

“ಅಣ್ಣಾ, ನಿಮ್ಮ ಹುಡುಗ ಲೋಟ ಹಿಡೀಲಾರ. ಬೆರಳೆಲ್ಲ ಊದಿ ಬದನೆಕಾಯಿ ಬಣ್ಣ ಆಗಿದೆ. ನಾನೇ ಬಾಯಿಗೆ ಹಿಡಿದು ಕುಡಿಸ್ದೆ” ಎಂದಳು. “ಊಟಾನೂ ಹಾಗೇ. ಯಾರೂ ನೋಡ್ದೇ ಇದ್ದಾಗ ನಾಲ್ಕು ತುತ್ತು ಹಾಕ್ತೀನಿ.”

ಕತ್ತರಿ ಹಿಡಿದು ಬದುಕುವವನ ಬೆರಳುಗಳು, ಮಾನ್ಯರೇ.

ಮಾನವ ಹಕ್ಕುಗಳ ಕೆಲಸ ಮಾಡುವ ವಕೀಲಮ್ಮ ಒಬ್ಬರಿದ್ದಾರೆ. ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಅವರ ಕಚೇರಿ. ಕುರ್ಚಿಗಿಂತ ನೆಲವೇ ಹೆಚ್ಚು. ದೊಡ್ಡದೊಂದು ಹಾಳೆಯನ್ನು ನೆಲಕ್ಕೆ ಹಾಸಿ, ನಡುವೆ ಎರಡು ಸುತ್ತು ಬರೆದರು. ಒಂದರಲ್ಲಿ ಹುಡುಗ, ಇನ್ನೊಂದರಲ್ಲಿ ಇನ್‌ಸ್ಪೆಕ್ಟರ್. ಆಮೇಲೆ ಸುತ್ತಲೂ ಗೆರೆ ಎಳೆಯುತ್ತಾ ಹೋದರು. ಈ ಹೊಡೆತ ನಡೆಯಲು ಯಾರ್ಯಾರ ನೆರವು ಬೇಕು? ನೆರವು ಕೊಡುವವರು ಯಾರ ಮಾತು ಕೇಳುತ್ತಾರೆ, ಯಾರಿಗೆ ಹೆದರುತ್ತಾರೆ? ಎಲ್ಲಿ ಒಂದು ಗೆರೆ ಕತ್ತರಿಸಿದರೆ ಎತ್ತಿದ ಕೈ ಕೆಳಗಿಳಿಯುತ್ತದೆ?

“ಮೇಡಂ, ಇದು ನನ್ನ ಕಸುಬು. ಇದನ್ನ ಕಾಲೇಜಲ್ಲಿ ಕಲಿಸಿದ್ರೆ ಫೀಸು ವಾಪಸ್ ಕೇಳಿ” ಎಂದೆ.

“ಬಡಾಯಿ ಆಮೇಲೆ, ಯಜಮಾನ್ರೇ. ಆ ಸರ್ಕಾರಿ ಆಸ್ಪತ್ರೆ ಡಾಕ್ಟ್ರು, ಠಾಣೆಯಿಂದ ಕರ್ಕೊಂಡು ಬಂದವರನ್ನ ನೋಡದೇನೇ ‘ಗಾಯ ಇಲ್ಲ’ ಅಂತ ಸರ್ಟಿಫಿಕೇಟ್ ಬರೀತಾರಲ್ಲ, ಅವರಿಗೆ ಯಾರ ಭಯ?”

“ಪಕ್ಕದಲ್ಲಿ ನಿಂತಿರೋ ಪೊಲೀಸಿನದು. ಅವನನ್ನ ಆಚೆ ನಿಲ್ಲಿಸಿ, ಅದೇ ಡಾಕ್ಟ್ರು ಮನುಷ್ಯ ಆಗ್ತಾರೆ.”

ಮಧ್ಯಾಹ್ನವೆಲ್ಲ ಕೂತೆವು. ಹಾಳೆಯ ಮೇಲಕ್ಕೆ ಡಾಕ್ಟರು ಬಂದರು, ಇನ್‌ಸ್ಪೆಕ್ಟರಿಗೆ ಓಡಾಡಲು ಜೀಪು ಕೊಟ್ಟಿರುವ ಕಾರ್ಖಾನೆಯ ಮಾಲೀಕರು ಬಂದರು, ಕೊನೆಗೆ ನೀವು ಬಂದಿರಿ. ನಿಮ್ಮನ್ನು ಎಲ್ಲಿ ಬರೆಯುವುದು ಎಂಬುದಕ್ಕೆ ವಾದವೇ ಆಯಿತು. ‘ವಿರೋಧಿಗಳು’ ಎಂಬ ಕಡೆಗೆ ವಕೀಲಮ್ಮನ ಪೆನ್ನು ವಾಲುತ್ತಿತ್ತು. “ಛೇ, ದೊಡ್ಡ ಸಾಹೇಬ್ರು, ಗೊತ್ತಾದ್ರೆ ಸುಮ್ನಿರಲ್ಲ” ಎಂದು ಹಟ ಹಿಡಿದು ‘ಹೇಳಿದರೆ ಕೇಳುವವರು’ ಎಂಬ ಕಡೆ ಬರೆಸಿದವನು ನಾನು. ನಿಮ್ಮಿಂದ ಇನ್‌ಸ್ಪೆಕ್ಟರಿಗೆ ದಪ್ಪನೆಯ ಗೆರೆ ಎಳೆಸಿದೆ. ಇಲ್ಲಿ ಒಂದು ಮಾತು ಬಿದ್ದರೆ ಅಲ್ಲಿ ಲಾಠಿ ನಿಲ್ಲುತ್ತದೆ ಎಂದು ಲೆಕ್ಕ.

ಗೆರೆ ಇದ್ದದ್ದು ನಿಜ. ಅದರಲ್ಲಿ ಮಾತು ಹರಿದದ್ದೂ ನಿಜ. ಚಹಾದವಳ ಹೆಸರಿದ್ದ ದೂರು ನಿಮ್ಮ ಮೇಜಿನಿಂದ ಇನ್‌ಸ್ಪೆಕ್ಟರ ಮೇಜಿಗೆ ಜಾರಿತು. ಅದರ ಬೆನ್ನಿಗೇ ಅವಳ ತಳ್ಳುಗಾಡಿ ಮಗುಚಿ ಬಿತ್ತು, ಸ್ಟೌ ಚರಂಡಿ ಸೇರಿತು, ಅವಳಿಗೆ ಠಾಣೆಯ ಬಾಗಿಲು ಮುಚ್ಚಿತು. ರಸ್ತೆಗೆ ಅಡಚಣೆಯಂತೆ! ಅಷ್ಟು ವರ್ಷ ಠಾಣೆಗೆ ಸಾಲದ ಚಹಾ ಕೊಡುವಾಗ ಆಗದ ಅಡಚಣೆ. ಅವಳು ನನ್ನ ಮನೆಗೆ ಬಂದಳು. ಅಳಲಿಲ್ಲ, ಬೈಯಲೂ ಇಲ್ಲ.

“ನಾನು ಹೇಳಿದ್ದು ನಿಮ್ಗೆ, ಅಣ್ಣಾ. ಅವ್ರಿಗೆ ಹೇಳಿದ್ದು ಯಾರು?”

ಹೆಣ್ಣಿನ ಕಡೆಯವರ ನೂರು ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಕೊಡುವವನು ನಾನು. ಈ ಒಂದು ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ನಿಮ್ಮ ಬಳಿ ಇದೆ. ಹೇಳುತ್ತೀರಾ?

ನಮ್ಮ ಹಾಳೆಯ ಸುದ್ದಿ ಠಾಣೆಗೂ ಮುಟ್ಟಿದೆ. ಅದು ಪೊಲೀಸರ ವಿರುದ್ಧದ ಒಳಸಂಚಿನ ನಕ್ಷೆ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳುತ್ತಿದ್ದಾರಂತೆ. ಯಾರು ಯಾರ ಮಾತು ಕೇಳುತ್ತಾರೆ ಎಂದು ಬರೆದುಕೊಳ್ಳುವುದು ಸಂಚಾದರೆ, ಊರಿನ ಅರ್ಧ ಮದುವೆಗಳು ಸಂಚುಗಳೇ. ಬಂದು ಹಿಡಿದುಕೊಂಡು ಹೋಗಲಿ. ಒಳಗೆ ಹೋದರೆ ಹುಡುಗನನ್ನಾದರೂ ನೋಡಬಹುದು.

ಹೊಸ ಹಾಳೆ ಹಾಸಿದ್ದೇವೆ. ಈ ಸಲ ನಡುವಿನ ಸುತ್ತಿನಲ್ಲಿ ಇರುವವರು ನೀವು. ನಿಮ್ಮಿಂದ ಹೊರಟ ಗೆರೆಗಳಲ್ಲಿ ತಳ್ಳುಗಾಡಿಯವರು, ಆಯಾಗಳು, ಗುಮಾಸ್ತರು ಒಬ್ಬರೂ ಇಲ್ಲ. ಮಗುಚಿ ಬೀಳುವಂಥವರನ್ನು ಬರೆಯುವುದನ್ನು ಬಿಟ್ಟಿದ್ದೇವೆ. ನೀವು ಯಾರ ಮಾತಿಗೆ ಬೆಲೆ ಕೊಡುತ್ತೀರಿ ಎಂದು ಹುಡುಕಿದಾಗ, ಬೆಳಗ್ಗೆ ಪತ್ರಿಕೆ ಓದಿ ನಿಮ್ಮ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಳ್ಳುವ ಜನ ಸಿಕ್ಕರು. ಅವರ ತಳ್ಳುಗಾಡಿ ಎಲ್ಲಿದೆಯೆಂದು ನಿಮಗೆ ಗೊತ್ತಿಲ್ಲ. ಅದಕ್ಕೇ ಈ ಪತ್ರ ನಿಮ್ಮ ಟಪಾಲು ಪೆಟ್ಟಿಗೆಗೆ ಬೀಳದೆ ಈ ಪತ್ರಿಕೆಯಲ್ಲಿ ಅಚ್ಚಾಗಿದೆ.

ಕೇಳುವುದು ಇಷ್ಟು. ಸೋಮವಾರ ಹುಡುಗನನ್ನು ಮತ್ತೆ ನ್ಯಾಯಾಲಯಕ್ಕೆ ತರುತ್ತಾರೆ. ಅದಕ್ಕೆ ಮುಂಚೆ ಬೇರೆ ಆಸ್ಪತ್ರೆಯ ಬೇರೆ ಡಾಕ್ಟರು ಅವನನ್ನು ನೋಡಲಿ, ಬಾಗಿಲು ಹಾಕಿರಲಿ, ಪೊಲೀಸರು ಬಾಗಿಲಿನ ಆಚೆ ಇರಲಿ. ನಮ್ಮ ದೂರಿನ ವಿಚಾರಣೆ ಆ ಠಾಣೆಯ ನೆರಳೂ ಬೀಳದ ಅಧಿಕಾರಿಯ ಕೈಗೆ ಹೋಗಲಿ. ಚಹಾದವಳ ಗಾಡಿ ಇದ್ದ ಜಾಗದಲ್ಲೇ ನಿಲ್ಲಲಿ.

ಸೋಮವಾರದವರೆಗೆ ಕಾಯಲಾಗದ್ದು ಒಂದಿದೆ. ಅಕ್ಕ ಠಾಣೆಯ ಹೊರಗಿನ ಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದಾಳೆ. ಡಬ್ಬಿ ಒಳಗೆ ಹೋಗುತ್ತದೆ, ತುಂಬಿದ ಹಾಗೆಯೇ ವಾಪಸು ಬರುತ್ತದೆ. “ಕೊಟ್ವಿ, ಅವನೇ ತಿನ್ನಲಿಲ್ಲ” ಎನ್ನುತ್ತಾರೆ. “ಯಾವ ಕೈಯಲ್ಲಿ ತಿಂತಾನೋ, ತಮ್ಮಾ?” ಎಂದು ಅಕ್ಕ ನನ್ನನ್ನು ಕೇಳುತ್ತಾಳೆ. ಇಂದೇ ಅವಳನ್ನು ಒಳಗೆ ಬಿಡಿ. ಇಬ್ಬರು ಪೇದೆಗಳನ್ನು ಬೇಕಾದರೆ ಪಕ್ಕದಲ್ಲಿ ನಿಲ್ಲಿಸಿ. ಏನೂ ಕೇಳುವುದಿಲ್ಲ, ಏನೂ ಹೇಳುವುದಿಲ್ಲ. ಮಗನಿಗೆ ಉಣ್ಣಿಸಿ ಬರುತ್ತಾಳೆ.

ಇಂತಿ,
ಎಷ್ಟೋ ಮನೆಗಳ ಮುಚ್ಚಿದ ಬಾಗಿಲು ತೆರೆಸಿ, ನಿಮ್ಮದೊಂದರ ಮುಂದೆ ಮಾತು ಸೋತು ನಿಂತಿರುವ
ಹುಡುಗನ ಸೋದರಮಾವ