ನಲವತ್ತು ವರ್ಷ ಯಾರೂ ಕೇಳದ ನಕ್ಷೆ

ಬೀದರ್, ಕಣಜ ವರ್ಷ ೨೧೪
ಮೃಗಶಿರ ಮಳೆಯ ಮೂವತ್ತೊಂದನೆಯ ದಿನ

ಮಾನ್ಯ ಜಗದೇವಿ ಅವರಿಗೆ, ನಾಡಿಗಾರ್ತಿ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಿರುತ್ತೀರಿ. ನಿಮ್ಮ ಕಾಲದಲ್ಲಿ ಒಂದು ಮಳೆನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನವೆಂದು ಓದಿದ್ದೇನೆ. ನಮ್ಮಲ್ಲಿ ಮೃಗಶಿರ ಹಿಡಿದರೆ ನಲವತ್ತು ದಿನ ಬಿಡುವುದಿಲ್ಲ. ಪಂಚಾಂಗವೇ ಅದಕ್ಕೆ ಹೊಂದಿಕೊಂಡಿದೆ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಕಡತಗಳಿಂದ, ಅದರಲ್ಲೂ ಸುತ್ತೋಲೆಗಳಿಂದ. ನಡುವೆ ಎಲ್ಲಾದರೂ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ದನಿ ಕೇಳಿಸಿದರೆ ಅದು ನನ್ನ ಗುಣವಲ್ಲ, ಓದಿದ್ದರ ಗುಣ.

ನೀವು ಕಚೇರಿಯ ಮೂಲೆಯೊಂದರಲ್ಲಿ ಕೂಡಿಸಿದ ಆ ಸಣ್ಣ ಶೇಖರಣಾ ಯಂತ್ರ ಇಂದು ಊರಿನ ಕಣಜವಾಗಿದೆ. ಕಾಳು ತುಂಬುವ ಕಣಜವಲ್ಲ, ಮಾಹಿತಿ ತುಂಬುವುದು. ಕೆಂಪುಕಲ್ಲಿನ ನೆಲದ ಕೆಳಗೆ ಸಾಲುಸಾಲು ಗೂಡುಗಳು, ಗೂಡುಗಳಲ್ಲಿ ಗಾಜಿನ ಹಲಗೆಗಳು, ಹಲಗೆಗಳ ಮೇಲೆ ಊರಿನ ಸಮಸ್ತವೂ ಇದೆ: ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ, ಯಾವ ಬಸ್ಸು ಎಲ್ಲಿ ತಿರುಗಬೇಕು, ಎಲ್ಲವೂ. ಗೂಡುಗಳನ್ನು ತಂಪಾಗಿಡುವುದು ನಮ್ಮ ಹಳೆಯ ಸುರಂಗಬಾವಿಯ ನೀರು. ನೆಲದೊಳಗೆ ಹರಿಯುವ ಆ ಕಾಲುವೆಗೆ ಮಳೆಗಾಲದಲ್ಲಿ ಹೂಳು ತುಂಬಿಕೊಳ್ಳುತ್ತದೆ, ಆದ್ದರಿಂದ ಮಳೆ ಬಿಡುವು ಕೊಟ್ಟಾಗಲೆಲ್ಲ ಯಾರಾದರೂ ಇಳಿದು ಅದನ್ನು ಎತ್ತಲೇಬೇಕು. ಆ ಕೆಲಸ ನನ್ನ ಅಕ್ಕ ಚಂದ್ರಭಾಗಾಳದು. ಕಣಜ ಚುರುಕಾಗಿದೆಯೇ ಎಂದು ದಿನವೂ ನಾಡಿ ಹಿಡಿದು ನೋಡುವುದು ನನ್ನ ಕೆಲಸ. ಪುಟವೊಂದನ್ನು ಕೇಳಿದ ಮೇಲೆ ಅದು ಕೈಗೆ ಬರಲು ಎಷ್ಟು ಹೊತ್ತಾಯಿತೆಂದು ಉಸಿರಿನಲ್ಲಿ ಅಳೆಯುತ್ತೇವೆ. ಒಂದು ಉಸಿರೆಂದರೆ ನಿಮ್ಮ ನಾಲ್ಕು ಸೆಕೆಂಡು. ಹತ್ತು ಉಸಿರಿನೊಳಗೆ ಬಂದರೆ ನಾಡಿಮನೆಯ ಮುಂದಿನ ಫಲಕ ಹಸಿರು, ಮೀರಿದರೆ ಕೆಂಪು.

ಇನ್ನು ನಿಮ್ಮ ವಿಷಯ. ಯಂತ್ರ ಕೂಡಿಸಿದ ದಿನ ನೀವು ಅದರಲ್ಲಿ ಒಂದು ಪುಟ ಇಟ್ಟಿರಿ: ‘ಇದು ಪರೀಕ್ಷೆಗೆ ಮಾತ್ರ. ಬೇಕಾದರೆ ಅಳಿಸಿ. ಜಗದೇವಿ.’ ಯಂತ್ರ ಹೇಗೆ ಓಡುತ್ತಿದೆಯೆಂದು ನೋಡಲು ದಿನವೂ ಆ ಪುಟವನ್ನೇ ಕೇಳುವಂತೆಯೂ ಏರ್ಪಾಟು ಮಾಡಿದಿರಿ. ಮರುದಿನ ಬೇರೆಯದನ್ನು ಹಾಕೋಣ ಎಂದುಕೊಂಡಿದ್ದಿರೇನೋ. ನಾವು ಅಳಿಸಲಿಲ್ಲ, ಬದಲಿಸಲೂ ಇಲ್ಲ. ಅದು ನಮಗೆ ‘ಮೊದಲ ಪುಟ’ವಾಯಿತು. ಇನ್ನೂರು ವರ್ಷಗಳಿಂದ ನಾಡಿಗಾರರು ಮುಂಜಾನೆ ಸ್ನಾನ ಮಾಡಿ, ಪೂರ್ವಕ್ಕೆ ಕುಳಿತು ಅದನ್ನೇ ಕೇಳುತ್ತ ಬಂದಿದ್ದೇವೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ನಗಬೇಡಿ, ಬಹಳ ಭಕ್ತಿಯಿಂದ ಮಾಡಿದ ಕೆಲಸ ಅದು.

ಆದರೆ ಪದೇ ಪದೇ ಕೇಳಿದ್ದನ್ನು ಕಣಜ ಬಾಗಿಲ ಬಳಿಯೇ ಇಟ್ಟುಕೊಳ್ಳುತ್ತದೆ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಕೈಗೆಟುಕುವಂತೆ ಇಡುವ ಹಾಗೆ. ಮೊದಲ ಪುಟ ಯಾವತ್ತು ಕೇಳಿದರೂ ಅರ್ಧ ಉಸಿರಿನಲ್ಲಿ ಬರುತ್ತಿತ್ತು, ಫಲಕ ಹಸಿರಾಗಿಯೇ ಇರುತ್ತಿತ್ತು. ಒಳಗಿನ ಗೂಡುಗಳ ಗಾಜು ಮಬ್ಬಾಗುತ್ತ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಓದುವ ಯಂತ್ರದ ಕೈಗಳು ಮಬ್ಬಿನ ಒಂದೊಂದು ಸಾಲನ್ನೂ ಇಪ್ಪತ್ತು ಸಲ ಓದಿ ಕೊನೆಗೆ ಸರಿಯಾಗಿಯೇ ತಂದುಕೊಡುತ್ತಿದ್ದವು. ಉತ್ತರದಲ್ಲಿ ತಪ್ಪಿರಲಿಲ್ಲವಾದ್ದರಿಂದ ಎಚ್ಚರಿಕೆಯ ಯಾವ ಗಂಟೆಯೂ ಮೊಳಗಲಿಲ್ಲ.

ಈ ಮಳೆಯ ಒಂಬತ್ತನೆಯ ದಿನ ಅಕ್ಕ ಮತ್ತು ಅವಳ ಜೊತೆಗಾರ ಮಸ್ತಾನ ಸುರಂಗದ ಉತ್ತರದ ಕವಲಿಗೆ ಇಳಿದರು. ಬೆಳಗಿನ ಹತ್ತರ ಸುಮಾರಿಗೆ ಅವರ ಹಿಂದೆ ಮಣ್ಣು ಕುಸಿಯಿತು. ಮುಂದೆ ನೀರು ಏರುತ್ತಿತ್ತು. ಆ ಕವಲಿನ ಮೇಲೆ ಹಿಂದಿನವರು ನೆಲದಿಂದ ಕಾಲುವೆಗೆ ನೇರವಾಗಿ ಇಳಿಯುವ ಗಾಳಿಬಾವಿಗಳನ್ನು ತೋಡಿದ್ದರು, ಆಮೇಲಿನವರು ಮುಚ್ಚಿದ್ದರು. ಎಲ್ಲೆಲ್ಲಿ ಎಂಬುದು ಒಂದು ನಕ್ಷೆಯಲ್ಲಿ ಮಾತ್ರ ಇತ್ತು. ಆ ನಕ್ಷೆಯನ್ನು ನಲವತ್ತು ವರ್ಷಗಳಿಂದ ಯಾರೂ ಕೇಳಿರಲಿಲ್ಲ.

ಸುದ್ದಿ ಬಂದೊಡನೆ ನಾನು ಅದನ್ನು ಕೇಳಿದೆ. ನೂರು ಉಸಿರಾಯಿತು, ಇನ್ನೂರಾಯಿತು, ನಕ್ಷೆ ಬರಲಿಲ್ಲ. ನನ್ನ ಗುರು ವೈಜಿನಾಥ ಮಾಸ್ತರು ಹೊರಗೆ ಹೋಗಿ ಫಲಕ ನೋಡಿ ಬಂದರು.

“ಹಸುರ ಅದ. ಕಣಜಕ್ಕೇನೂ ಆಗಿಲ್ಲ. ನೀ ಕೇಳಿದ್ದ ತಪ್ಪಿರಬೇಕು,” ಅಂದರು.

ಇನ್ನೊಮ್ಮೆ ಕೇಳಲು ಹೇಳಿದರು, ಕೇಳಿದೆ. ಮೊದಲ ಪುಟ ಕೇಳಿ ನೋಡೆಂದರು, ಅದು ಅರ್ಧ ಉಸಿರಿನಲ್ಲಿ ಬಂತು. ಜಗದೇವಿ ಅವರೇ, ಆ ಪುಟವನ್ನು ಆ ಗಳಿಗೆಯಲ್ಲಿ ನಾನು ಶಪಿಸಿದೆ. ಅಕ್ಕನ ಕುತ್ತಿಗೆಯವರೆಗೆ ನೀರು ಬಂದಿರಬಹುದು, ಹೊರಗೆ ಮಾತ್ರ ಎಲ್ಲವೂ ನೆಟ್ಟಗಿದೆ ಎನ್ನುವ ಫಲಕ.

ನಾನೂರು ಉಸಿರು ಕಳೆದಾಗ ಕಾರಣ ಹೊಳೆಯಿತು. ಓದುವ ಕೈಗಳು ಆ ಹಳೆಯ ಗೂಡಿಗೆ ಹೋಗುತ್ತಿದ್ದವು. ಅಷ್ಟರಲ್ಲಿ ಯಾರೋ ಬಸ್ಸಿನ ಹೊತ್ತು ಕೇಳಿದರೆ ಕೆಲಸ ಬಿಟ್ಟು ಅತ್ತ ಓಡುತ್ತಿದ್ದವು. ತಿರುಗಿ ಬಂದು ನಕ್ಷೆಯನ್ನು ಮೊದಲಿನಿಂದ ಓದುತ್ತಿದ್ದವು. ಹೀಗಾದರೆ ಸಂಜೆಯವರೆಗೂ ಅದು ಮುಗಿಯುತ್ತಿರಲಿಲ್ಲ. ಇಡೀ ಊರಿನ ಕೇಳಿಕೆಗಳನ್ನು ತಡೆಯುವ ಹಿಡಿಯೊಂದು ನಾಡಿಮನೆಯ ಗೋಡೆಯಲ್ಲಿದೆ. ಅದನ್ನು ಯಾರೂ ಎಂದೂ ಮುಟ್ಟಿರಲಿಲ್ಲ. ಮಾಸ್ತರು ಬೇಡವೆನ್ನುತ್ತಿರುವಾಗಲೇ ನಾನು ಎಳೆದೆ.

ಶಾಲೆಯ ಪಾಠ ಅರ್ಧಕ್ಕೆ ನಿಂತಿತು. ಬಸ್ಸುಗಳು ದಾರಿ ತಿಳಿಯದೆ ನಿಂತಲ್ಲೇ ನಿಂತವು. ಮದುವೆಮನೆಯೊಂದರಲ್ಲಿ ಎಷ್ಟು ಜನಕ್ಕೆ ಅಕ್ಕಿ ಹಾಕಬೇಕೆಂದು ತಿಳಿಯದೆ ಅಡುಗೆಯವರು ಸೌಟು ಹಿಡಿದು ಕೂತರಂತೆ. ಅರವತ್ತು ಉಸಿರಿನಲ್ಲಿ ನಕ್ಷೆ ಬಂತು. ಹತ್ತಿರದ ಗಾಳಿಬಾವಿ ಮೇವಿನ ಅಂಗಳದ ಕೆಳಗಿತ್ತು. ದಿನಾ ಎಮ್ಮೆ ಕಟ್ಟುವ ಜಾಗ. ಅಲ್ಲಿ ಅಗೆದರು. ಮಧ್ಯಾಹ್ನದ ಹೊತ್ತಿಗೆ ಮಸ್ತಾನನನ್ನು ಎತ್ತಿದರು, ಆಮೇಲೆ ಅಕ್ಕನನ್ನು. ಇಬ್ಬರೂ ಬದುಕಿದ್ದರು. ನಾನು ಎಮ್ಮೆಗಳ ನಡುವೆ ಕುಕ್ಕರಿಸಿ ಜೋರಾಗಿ ಅತ್ತೆ.

ಊರು ನಿಲ್ಲಿಸಿದ್ದಕ್ಕೆ ಸಭೆ ಕರೆದು ನನ್ನನ್ನು ವಿಚಾರಿಸಿದರು. ನಾನು ತಪ್ಪೊಪ್ಪಿಕೊಳ್ಳಲಿಲ್ಲ, ಮತ್ತೆ ಹಾಗೇ ಆದರೆ ಮತ್ತೆ ಎಳೆಯುತ್ತೇನೆ ಎಂದೆ. ವೈಜಿನಾಥ ಮಾಸ್ತರು ಎದ್ದು ನಿಂತು, ಫಲಕ ನಂಬಿದ್ದು ನಾನು, ಹುಡುಗಿಯನ್ನು ಬಿಡಿ ಎಂದರು. ನನಗೆ ಐವತ್ತೆರಡು ವರ್ಷ, ಅವರಿಗೆ ನಾನಿನ್ನೂ ಹುಡುಗಿಯೇ. ಆಗ ಅಕ್ಕ, ಕೆಮ್ಮಿಲ್ಲದೆ ಮಾತೇ ಹೊರಡದ ಸ್ಥಿತಿಯಲ್ಲಿದ್ದರೂ, ಹಿಂದಿನ ಸಾಲಿನಿಂದ ಕೇಳಿದಳು:

“ನಾ ಒಳಗ ಸಾಯ್ಲಿಕತ್ತಾಗ ನಿಮ್ಮ ಫಲಕ ಹಸುರ ಇತ್ತಂತಲ್ಲ. ಅದು ಕೆಂಪ ಆಗೂದು ಯಾವಾಗ, ನನ್ನ ಮಣ್ಣ ಮಾಡಿದ ಮ್ಯಾಲ?”

ಅಲ್ಲೇ ಹೊಸ ಕಟ್ಟಳೆಯಾಯಿತು. ಈಗ ಪರೀಕ್ಷೆಯ ಪುಟವನ್ನು ಆರಿಸುವುದು ನಾಡಿಗಾರರಲ್ಲ. ಅಂದು ಯಾರ ಜೀವ ಯಾವ ಪುಟದ ಮೇಲೆ ನಿಂತಿದೆಯೋ ಅವರು. ಹೆರಿಗೆ ಮಾಡಿಸುವವರು ಬರುತ್ತಾರೆ, ಕಂಬ ಹತ್ತುವವರು ಬರುತ್ತಾರೆ, ತಮ್ಮ ಪುಟ ಕೇಳಿ ಎಂದು ನನ್ನ ತಲೆ ತಿನ್ನುತ್ತಾರೆ. ಪ್ರತಿಯೊಂದಕ್ಕೂ ಎಷ್ಟು ಉಸಿರಾಯಿತೆಂದು ಬೇರೆಬೇರೆಯಾಗಿ ಬರೆದಿಡುತ್ತೇನೆ, ಎಲ್ಲವನ್ನೂ ಕೂಡಿಸಿ ಸರಾಸರಿ ಮಾಡುವುದನ್ನು ಬಿಟ್ಟಿದ್ದೇನೆ. ಮಬ್ಬಾದ ಗಾಜಿನಿಂದ ಹೊಸ ಗಾಜಿಗೆ ನಕಲಿಳಿಸುತ್ತಿದ್ದೇವೆ. ಗೂಡುಗಳ ಮೂರು ಸಾಲು ಮುಗಿದಿವೆ, ಉಳಿದವೂ ದೀಪಾವಳಿಯೊಳಗೆ ಮುಗಿಯುತ್ತವೆ. ನಮ್ಮ ಕಣಜ ಇನ್ನೂ ಇನ್ನೂರು ವರ್ಷ ಬಾಳುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಿಮ್ಮ ಮೇಲೆ ಕೋಪವಿಲ್ಲ. ನೀವು ಅಳಿಸಿ ಎಂದೇ ಬರೆದಿದ್ದಿರಿ. ಒಂದೇ ಕೋರಿಕೆ: ನಾಳೆ ನಿಮ್ಮ ಯಂತ್ರದ ಮುಂದೆ ಕುಳಿತಾಗ, ಅದು ಎಷ್ಟು ಚುರುಕೆಂದು ನೀವೇ ತೀರ್ಮಾನಿಸಬೇಡಿ. ಅದನ್ನು ನೆಚ್ಚಿಕೊಂಡವರನ್ನು ಕರೆದು, ಅವರ ಪುಟ ಯಾವುದೆಂದು ಕೇಳಿ.

ಇನ್ನು ಮುಗಿಸುತ್ತೇನೆ. ಇಂದು ಮಳೆ ಬಿಡುವು ಕೊಟ್ಟಿದೆ. ಅಕ್ಕ ಬುಟ್ಟಿ, ಸಲಿಕೆ ಹಿಡಿದು ಬಂದು ದಕ್ಷಿಣದ ಕವಲಿನ ನಕ್ಷೆ ಕೇಳಿದಳು. ಹನ್ನೊಂದು ಉಸಿರಾಯಿತು. ನಾನು ಫಲಕವನ್ನು ಕೆಂಪಿಗೆ ತಿರುಗಿಸಿದೆ. ಅಕ್ಕ ಅದನ್ನೊಮ್ಮೆ ನೋಡಿ, ಸಲಿಕೆ ಗೋಡೆಗಾನಿಸಿ, ಮನೆಗೆ ಹೋದಳು.